ಓದುಗರ ಪ್ರಶ್ನೆ, ಜೀವಶಾಸ್ತ್ರದ ಉತ್ತರ: ಬೆಳಕನ್ನು ಉಣ್ಣುವವು, ಬೇಟೆಯಾಡಿ ತಿನ್ನುವವು

ಬೇರೆ ಬೇರೆ ವಿಭಾಗಗಳಲ್ಲಿ ಪದವಿ ಓದುತ್ತ, ಒಂದು ಸೆಮಿಸ್ಟರಿನ ಮಟ್ಟಿಗೆ ಪ್ರಾಣಿ ಮತ್ತು ಸಸ್ಯ ಜೀವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಿರುವ ವಿದ್ಯಾರ್ಥಿಗಳ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ಚಲಿಸುವುದು ಪ್ರಾಣಿ, ನಿಂತಲ್ಲೇ ಇರುವುದು ಸಸ್ಯ ಎಂದು ಶಾಲೆಯಲ್ಲಿ ಕಲಿತಿದ್ದೆ. ಆದರೆ ಸ್ಪಂಜು, ಹವಳಗಳು ಬಂಡೆಗೆ ಅಂಟಿಕೊಂಡೇ ಬದುಕಿದರೂ ಪ್ರಾಣಿಗಳೆಂದು ಪಠ್ಯಪುಸ್ತಕ ಹೇಳುತ್ತದೆ. ಹಾಗಾದರೆ ಗೆರೆ ಎಳೆಯುವುದು ಎಲ್ಲಿ? (ಇಂಜಿನಿಯರಿಂಗ್ ವಿದ್ಯಾರ್ಥಿ)

ಚಲನೆಯ ಮೇಲೆ ಎಳೆದ ಗೆರೆ ನಿಲ್ಲುವುದಿಲ್ಲ ಎಂಬುದು 18ನೆಯ ಶತಮಾನದಲ್ಲೇ ಗೊತ್ತಾಗಿತ್ತು. ಅಬ್ರಹಾಂ ಟ್ರೆಂಬ್ಲೆ ಎಂಬ ನಿಸರ್ಗತಜ್ಞರು 1740ರಲ್ಲಿ ಕೊಳದ ನೀರಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ, ಒಂದು ತುದಿಯಲ್ಲಿ ಎಳೆಗಳಂಥ ಬಾಹುಗಳಿದ್ದ, ಹಸಿರು ಬಣ್ಣದ ಜೀವಿಯೊಂದನ್ನು ಕಂಡರು. ಇಂದು ನಾವು ಹೈಡ್ರಾ ಎಂದು ಕರೆಯುವುದು ಇದನ್ನೇ. ಬಣ್ಣವನ್ನು ನೋಡಿದರೆ ಅದು ಸಸ್ಯ; ಮುಟ್ಟಿದಾಗ ಮುದುಡಿಕೊಳ್ಳುವುದನ್ನೂ, ಬೆಳಕಿದ್ದ ಕಡೆಗೆ ನಿಧಾನವಾಗಿ ಸರಿಯುವುದನ್ನೂ ನೋಡಿದರೆ ಪ್ರಾಣಿ. ಅನುಮಾನ ಬಗೆಹರಿಸಿಕೊಳ್ಳಲು ಟ್ರೆಂಬ್ಲೆ ಅದನ್ನು ಅಡ್ಡಲಾಗಿ ಕತ್ತರಿಸಿದರು. ಎರಡು ತುಂಡುಗಳೂ ಬದುಕಿ ಬೆಳೆದರೆ ಸಸ್ಯ, ಸತ್ತರೆ ಪ್ರಾಣಿ ಎಂಬುದು ಅವರ ಎಣಿಕೆಯಾಗಿತ್ತು. ಕೆಲವು ದಿನಗಳಲ್ಲಿ ತಲೆಯ ತುಂಡಿಗೆ ಬಾಲ ಬಂತು, ಬಾಲದ ತುಂಡಿಗೆ ತಲೆಯೂ ಬಾಹುಗಳೂ ಮೂಡಿದವು. ಪರೀಕ್ಷೆಯ ಪ್ರಕಾರ ಅದು ಸಸ್ಯವೆಂದೇ ಆಯಿತು. ಆದರೆ ಅದೇ ಜೀವಿ ನೀರುಚಿಗಟವನ್ನು ಬಾಹುಗಳಿಂದ ಹಿಡಿದು, ಬಾಯೊಳಗೆ ತುರುಕಿಕೊಂಡು, ಜೀರ್ಣಿಸಿ, ಮಿಕ್ಕ ಚಿಪ್ಪನ್ನು ಅದೇ ಬಾಯಿಯಿಂದ ಹೊರಹಾಕುವುದನ್ನು ಅವರು ಕಣ್ಣಾರೆ ಕಂಡರು. 1744ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೈಡ್ರಾ ಪ್ರಾಣಿಯೇ ಎಂದು ಅವರು ತೀರ್ಮಾನಿಸಿದರು. ತೀರ್ಮಾನಕ್ಕೆ ಆಧಾರವಾದದ್ದು ಬಣ್ಣವೂ ಅಲ್ಲ, ಚಲನೆಯೂ ಅಲ್ಲ, ಮರುಬೆಳವಣಿಗೆಯೂ ಅಲ್ಲ. ಅದು ಉಣ್ಣುವ ಬಗೆ. (ಹಸಿರು ಬಣ್ಣ ಹೈಡ್ರಾದ ಸ್ವಂತದ್ದಲ್ಲ, ಅದರ ಕೋಶಗಳೊಳಗೆ ವಾಸ ಮಾಡುವ ಪಾಚಿಯದ್ದು ಎಂಬುದು ಬಹಳ ಕಾಲದ ನಂತರ ತಿಳಿದ ವಿಷಯ.)

ನೀವು ಹಿಡಿದುಕೊಳ್ಳಬೇಕಾದ ಎಳೆ ಇದೇ. ಸಸ್ಯವು ಗಾಳಿ, ನೀರು, ಬೆಳಕುಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಪ್ರಾಣಿಯು ಇನ್ನೊಂದು ಜೀವಿ ಕಟ್ಟಿದ ಆಹಾರವನ್ನು ಒಳಗೆ ತೆಗೆದುಕೊಂಡು ಜೀರ್ಣಿಸಿಕೊಳ್ಳುತ್ತದೆ. ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಒಂದರಿಂದಲೇ ಹುಟ್ಟುತ್ತವೆ. ಬೆಳಕು ಮತ್ತು ಗಾಳಿ ಎಲ್ಲೆಡೆ ತೆಳುವಾಗಿ ಹರಡಿಕೊಂಡಿರುವುದರಿಂದ ಅವುಗಳ ಹಿಂದೆ ಓಡಿ ಪ್ರಯೋಜನವಿಲ್ಲ; ಮೈಯನ್ನು ಅಗಲವಾಗಿ ಹರಡಿ ನಿಲ್ಲುವುದೇ ಲಾಭ. ಹಾಗೆ ನಿಲ್ಲುವ ಜೀವಿಗೆ ಪ್ರತಿ ಕೋಶದ ಸುತ್ತಲೂ ಸೆಲ್ಯುಲೋಸಿನ ಗಟ್ಟಿ ಗೋಡೆಯಿದ್ದರೆ ಅಡ್ಡಿಯಿಲ್ಲ, ಅನುಕೂಲವೇ ಹೆಚ್ಚು. ಕೋಶದೊಳಕ್ಕೆ ನುಗ್ಗುವ ನೀರು ಗೋಡೆಯನ್ನು ಒತ್ತಿ ಹಿಡಿಯುವುದರಿಂದಲೇ ಮೂಳೆಯಿಲ್ಲದ ಎಳೆಯ ಕಾಂಡವೂ ನೆಟ್ಟಗೆ ನಿಲ್ಲುತ್ತದೆ. ಪ್ರಾಣಿಯ ಆಹಾರವಾದರೋ ಗಂಟುಗಂಟಾಗಿ, ಅಲ್ಲೊಂದು ಇಲ್ಲೊಂದು ಕಡೆ ಇರುತ್ತದೆ, ಬಹುಪಾಲು ಓಡಿಹೋಗುತ್ತದೆ. ಅದನ್ನು ಹುಡುಕಲು ಇಂದ್ರಿಯಗಳು, ಹಿಡಿಯಲು ಸ್ನಾಯುಗಳು, ಎರಡನ್ನೂ ಜೋಡಿಸಲು ನರಗಳು, ಜೀರ್ಣಿಸಲು ಒಂದು ಒಳಕೋಣೆ ಬೇಕು. ಬಾಗಿ ಬಳುಕುವ ಇಂಥ ಅಂಗಾಂಶಗಳಲ್ಲಿ ಕೋಶಗಳಿಗೆ ಗೋಡೆ ಇರುವಂತಿಲ್ಲ.

ಬೆಳವಣಿಗೆಯ ಕ್ರಮವೂ ಹೀಗೆಯೇ ಕವಲೊಡೆದಿದೆ. ಸಸ್ಯವು ಬೇರು ಮತ್ತು ಚಿಗುರಿನ ತುದಿಗಳಲ್ಲಿರುವ ವರ್ಧನ ಅಂಗಾಂಶದಿಂದ ಜೀವನವಿಡೀ ಹೊಸ ಅಂಗಗಳನ್ನು ಸೇರಿಸುತ್ತ ಹೋಗುತ್ತದೆ. ಒಂದು ಮರಕ್ಕೆ ಎಷ್ಟು ಎಲೆ ಎಂಬ ಪ್ರಶ್ನೆಗೆ ನಿಶ್ಚಿತ ಉತ್ತರವಿಲ್ಲ, ಒಂದು ನಾಯಿಗೆ ಎಷ್ಟು ಕಾಲು ಎಂಬುದಕ್ಕೆ ಇದೆ. ಓಡಬೇಕಾದ ದೇಹಕ್ಕೆ ಅಳತೆ ತಪ್ಪಿದರೆ ನಡೆಯದು.

ಸ್ಪಂಜು, ಹವಳಗಳು ಈ ಎಳೆಯಿಂದ ಹೊರಗೆ ಬೀಳುವುದಿಲ್ಲ. ಹರಿಯುವ ನೀರೇ ಆಹಾರವನ್ನು ಹೊತ್ತು ತರುವ ಕಡೆಯಲ್ಲಿ ಪ್ರಾಣಿಯೂ ಕೂತು ಉಣ್ಣಬಹುದು. ಸ್ಪಂಜು ತನ್ನ ಮೈಯ ರಂಧ್ರಗಳ ಮೂಲಕ ನೀರನ್ನು ಸೆಳೆದು ಬ್ಯಾಕ್ಟೀರಿಯಾಗಳನ್ನು ಸೋಸಿಕೊಳ್ಳುತ್ತದೆ. ಅದರ ಮರಿಗಳು ಈಜುತ್ತವೆ ಎಂಬುದನ್ನೂ ಮರೆಯಬಾರದು.

ಪ್ರಶ್ನೆ: ಬೀಜ ಒಂದು ಗ್ರಾಂ ಕೂಡ ಇರುವುದಿಲ್ಲ, ಮರ ಹಲವು ಟನ್ ತೂಗುತ್ತದೆ. ಅಷ್ಟು ತೂಕ ಮಣ್ಣಿನಿಂದ ಬಂದಿದ್ದರೆ ಮರದ ಬುಡದಲ್ಲಿ ಗುಂಡಿ ಬೀಳಬೇಕಿತ್ತಲ್ಲವೆ? (ವಾಣಿಜ್ಯ ವಿದ್ಯಾರ್ಥಿನಿ)

ಲೆಕ್ಕಪತ್ರ ಓದಿದವರಿಗೆ ಸಹಜವಾಗಿ ಹೊಳೆಯುವ ಪ್ರಶ್ನೆ, ಮತ್ತು ಇದನ್ನು ಮೊದಲು ತಕ್ಕಡಿಯಲ್ಲಿಟ್ಟವರೂ ಲೆಕ್ಕ ಇಟ್ಟೇ ಉತ್ತರ ಹುಡುಕಿದರು. ಯಾನ್ ವಾನ್ ಹೆಲ್ಮಾಂಟ್ ಎಂಬ ವೈದ್ಯರು ಒಣಗಿಸಿ ತೂಗಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ಬರೀ ನೀರೆರೆದರು. ಕೊನೆಗೆ ಮರ 169 ಪೌಂಡ್ ಮತ್ತು ಸುಮಾರು 3 ಔನ್ಸ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಉದುರಿದ ಎಲೆಗಳನ್ನು ತೂಗಿಲ್ಲ ಎಂದೂ ಅವರು ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಅವರ ಮರಣಾನಂತರ 1648ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಅವರು ತೆಗೆದ ತೀರ್ಮಾನವೆಂದರೆ, ಮರವೆಲ್ಲ ನೀರಿನಿಂದಲೇ ಆದದ್ದು ಎಂಬುದು.

ಮಣ್ಣಲ್ಲ ಎಂಬುದು ಸರಿ, ನೀರೊಂದೇ ಎಂಬುದು ತಪ್ಪು. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ, ಮತ್ತು ನೀರಿನಲ್ಲಿ ಇಂಗಾಲವಿಲ್ಲ. ಅದು ಬಂದದ್ದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ. ಸುಡುವ ಇದ್ದಿಲಿನಿಂದ ಹೊರಡುವ ಅನಿಲವನ್ನು ಗುರುತಿಸಿ ಅದರ ಬಗ್ಗೆ ಬರೆದವರಲ್ಲಿ ಇದೇ ಹೆಲ್ಮಾಂಟ್ ಮೊದಲಿಗರು. ತಮ್ಮ ಪ್ರಶ್ನೆಯ ಉತ್ತರ ಆ ಅನಿಲವೇ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಇಂಗಾಲವು ಗಾಳಿಯಿಂದಲೂ ಉಳಿದ ತೂಕದ ಬಹುಪಾಲು ನೀರಿನಿಂದಲೂ ಬರುತ್ತದೆ ಎಂಬುದನ್ನು ಅಳೆದು ತೋರಿಸಿದ್ದು 1804ರಲ್ಲಿ, ನಿಕೊಲಾ ತಿಯೊಡೊರ್ ದ ಸೊಸ್ಯೂರ್. ಗಾಳಿಯಲ್ಲಿ ಈ ಅನಿಲದ ಪ್ರಮಾಣ ಶೇಕಡಾ 0.04ರಷ್ಟು ಮಾತ್ರ, ಇಷ್ಟು ಸ್ವಲ್ಪದ್ದನ್ನು ಹೆಕ್ಕಿ ಹೆಕ್ಕಿ ಕಾಡುಗಳು ಎದ್ದಿವೆ ಎಂಬುದು ನನಗೆ ಇಂದಿಗೂ ನಂಬಲು ಕಷ್ಟವೆನಿಸುವ ನಿಜ.

ಎಲೆಯ ಕೋಶಗಳೊಳಗಿನ ಕ್ಲೋರೊಪ್ಲಾಸ್ಟುಗಳೆಂಬ ಹಸಿರು ಕಣಗಳಲ್ಲಿ ಪತ್ರಹರಿತ್ತು ಎಂಬ ಹಸಿರು ವರ್ಣದ್ರವ್ಯ ಹೀರಿದ ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆಯುತ್ತದೆ. ಅದರ ಆಮ್ಲಜನಕ ಹೊರಕ್ಕೆ ಹೋಗುತ್ತದೆ, ಹೈಡ್ರೊಜನ್ನಿನ ಎಲೆಕ್ಟ್ರಾನುಗಳು ಇಂಗಾಲದ ಡೈಆಕ್ಸೈಡನ್ನು ಶರ್ಕರವಾಗಿಸುವ ಕೆಲಸಕ್ಕೆ ಒದಗುತ್ತವೆ. ಹೊರಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನದ್ದೆಂದು ಅನೇಕರು ನಂಬಿದ್ದರು. ಅದು ನೀರಿನದ್ದೆಂದು 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕದ ಐಸೊಟೋಪನ್ನು ಗುರುತಾಗಿ ಬಳಸಿ ತೋರಿಸಿದರು.

ಆ 2 ಔನ್ಸನ್ನು ಹಗುರವಾಗಿ ಕಾಣಬೇಡಿ. ನೈಟ್ರೊಜನ್, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಮುಂತಾದವು ಮಣ್ಣಿನಿಂದಲೇ ಬರಬೇಕು. ನೈಟ್ರೊಜನ್ ಇಲ್ಲದೆ ಪ್ರೋಟೀನಿಲ್ಲ, ಮೆಗ್ನೀಸಿಯಂ ಇಲ್ಲದೆ ಪತ್ರಹರಿತ್ತು ಇಲ್ಲ.

ಪ್ರಶ್ನೆ: ಗಿಡಗಳು ಹಗಲು ಆಮ್ಲಜನಕವನ್ನೂ ರಾತ್ರಿ ಇಂಗಾಲದ ಡೈಆಕ್ಸೈಡನ್ನೂ ಬಿಡುವುದರಿಂದ ಮಲಗುವ ಕೋಣೆಯಲ್ಲಿ ಅವನ್ನು ಇಡಬಾರದೆ? (ಸಮಾಜಶಾಸ್ತ್ರ ವಿದ್ಯಾರ್ಥಿನಿ)

ಇಡಬಹುದು. ಗಿಡದ ಪ್ರತಿಯೊಂದು ಜೀವಂತ ಕೋಶವೂ ನಮ್ಮ ಕೋಶಗಳಂತೆಯೇ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಕಗಳಲ್ಲಿ ಶರ್ಕರವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿ ಪಡೆಯುತ್ತದೆ, ಹಗಲೂ ರಾತ್ರಿಯೂ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ (ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯ) ವೇಗ ಉಸಿರಾಟದ ವೇಗವನ್ನು ಮೀರಿಸುವುದರಿಂದ ಆಮ್ಲಜನಕ ಹೊರಬರುವುದಷ್ಟೇ ಕಾಣುತ್ತದೆ. ಬೆಳಕಿನಲ್ಲಿ, ಅದೂ ಹಸಿರು ಭಾಗಗಳು ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆಂದು ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿಕೊಟ್ಟಿದ್ದರು. ಕುಂಡದ ಗಿಡವೊಂದು ಇಡೀ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡಿಗಿಂತ ಪಕ್ಕದಲ್ಲಿ ಮಲಗಿದ ಮನುಷ್ಯನೊಬ್ಬ ಬಿಡುವುದು ಎಷ್ಟೋ ಪಟ್ಟು ಹೆಚ್ಚು, ಆದರೂ ಯಾರೂ ಅವನನ್ನು ಹೊರಗೆ ಮಲಗಿಸುವುದಿಲ್ಲ.

ಪ್ರಶ್ನೆ: ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು. ನೂರು ಮೀಟರ್ ಎತ್ತರದ ಮರ ಯಾವ ಪಂಪೂ ಇಲ್ಲದೆ ಹೇಗೆ ಎತ್ತುತ್ತದೆ? (ಭೌತಶಾಸ್ತ್ರ ವಿದ್ಯಾರ್ಥಿ)

ಪಂಪಿನ ಮಿತಿ ಬರುವುದು ನೀರನ್ನು ಕೆಳಗಿನಿಂದ ತಳ್ಳುವುದು ವಾಯುಭಾರ ಮಾತ್ರವಾದ್ದರಿಂದ. ಮರದಲ್ಲಿ ನೀರು ಕೆಳಗಿನ ತಳ್ಳುವಿಕೆಯಿಂದಲ್ಲ, ಮೇಲಿನ ಎಳೆತದಿಂದ ಏರುತ್ತದೆ. ಬೇರಿನ ಒತ್ತಡವೆಂಬುದೊಂದು ಇದೆಯಾದರೂ ಅದು ಒಂದೆರಡು ವಾತಾವರಣಗಳನ್ನು (ಒಂದು ವಾತಾವರಣವೆಂದರೆ ಸಮುದ್ರಮಟ್ಟದ ವಾಯುಭಾರದಷ್ಟು ಒತ್ತಡ) ಮೀರುವುದು ಅಪರೂಪ. ಸಪುರ ಕೊಳವೆಯಲ್ಲಿ ನೀರು ತಾನಾಗಿ ಏರುವ ಕೇಶಾಕರ್ಷಣೆಯ ಮಾತೆತ್ತಿದರೆ, ನೀರನ್ನು ಸಾಗಿಸುವ ಅಂಗಾಂಶವಾದ ಕ್ಸೈಲಂನ ನಾಳದಷ್ಟು ಅಗಲದ ಕೊಳವೆಯಲ್ಲಿ ನೀರು ಒಂದು ಮೀಟರೂ ಏರದು. 1894ರಲ್ಲಿ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಮಂಡಿಸಿದ ವಿವರಣೆ ಈ ಎರಡನ್ನೂ ಬದಿಗಿಟ್ಟಿತು.

ಎಲೆಯ ಮೇಲ್ಮೈಯಲ್ಲಿ ತೆರೆದು ಮುಚ್ಚುವ ಸಣ್ಣ ಬಾಯಿಗಳಾದ ಪತ್ರರಂಧ್ರಗಳಿಂದ ನೀರಾವಿ ಹೊರಹೋದಂತೆಲ್ಲ ಎಲೆಯೊಳಗಿನ ಕೋಶಭಿತ್ತಿಗಳ ಒದ್ದೆ ಮೇಲ್ಮೈಯಲ್ಲಿ ನೀರು ಒಳಕ್ಕೆ ಬಾಗುತ್ತದೆ. ಆ ಭಿತ್ತಿಗಳ ರಂಧ್ರಗಳು ಕೆಲವೇ ನ್ಯಾನೋಮೀಟರ್ ಅಗಲದವು. ಅಷ್ಟು ಕಿರಿದಾದ ರಂಧ್ರದಲ್ಲಿ ಮೇಲ್ಮೈ ಸೆಳೆತವು ನೂರಾರು ವಾತಾವರಣಗಳ ಎಳೆತವನ್ನು ತಡೆದುಕೊಳ್ಳಬಲ್ಲದು ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ನೀರಿನ ಅಣುಗಳು ಹೈಡ್ರೊಜನ್ ಬಂಧಗಳಿಂದ ಒಂದಕ್ಕೊಂದು ಹಿಡಿದುಕೊಂಡಿರುವುದರಿಂದ, ಎಲೆಯಲ್ಲಿ ಹುಟ್ಟಿದ ಎಳೆತ ಎಲ್ಲೂ ಕಡಿಯದೆ ಬೇರಿನ ತನಕ ಮುಟ್ಟುತ್ತದೆ. ಹಗ್ಗದ ಒಂದು ತುದಿಯನ್ನು ಜಗ್ಗಿದರೆ ಇನ್ನೊಂದು ತುದಿ ಬಂದಂತೆ. ಅತಿ ಎತ್ತರದ ರೆಡ್‌ವುಡ್ ಮರಗಳು 115 ಮೀಟರ್ ದಾಟುತ್ತವೆ. ಅಷ್ಟು ಎತ್ತರಕ್ಕೆ ಗುರುತ್ವವನ್ನು ಗೆಲ್ಲುವುದಕ್ಕೇ ಸುಮಾರು 11 ವಾತಾವರಣ ಬೇಕು, ನಾಳಗಳ ಘರ್ಷಣೆ ಬೇರೆ. ಅಂದರೆ ತುದಿಯ ಕೊಂಬೆಗಳಲ್ಲಿ ನೀರಿನ ಒತ್ತಡ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಮಧ್ಯಾಹ್ನದ ಬಿರುಬಿಸಿಲಿನಲ್ಲಿ ಸೂಕ್ಷ್ಮ ಮಾಪಕವನ್ನು ಕಟ್ಟಿ ನೋಡಿದರೆ ಕಾಂಡವೇ ಒಂದಿಷ್ಟು ಸಪುರವಾಗಿ, ರಾತ್ರಿ ಮತ್ತೆ ಉಬ್ಬುವುದು ಕಾಣುತ್ತದೆ.

ಜೀವಂತ ಕೋಶಗಳು ಪಂಪು ಮಾಡುತ್ತಿರಬಹುದಲ್ಲ ಎಂಬ ಸಂದೇಹವನ್ನು ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1890ರ ದಶಕದ ಆರಂಭದಲ್ಲಿ ಒರಟಾದ ರೀತಿಯಲ್ಲೇ ಪರಿಹರಿಸಿದರು. ಸುಮಾರು 20 ಮೀಟರ್ ಎತ್ತರದ ಮರದ ಬುಡವನ್ನು ಕುಯ್ದು ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ವಿಷವು ದಾರಿಯ ಜೀವಕೋಶಗಳನ್ನೆಲ್ಲ ಕೊಲ್ಲುತ್ತ ಮೇಲಕ್ಕೆ ಏರುತ್ತಲೇ ಹೋಯಿತು, ಎಲೆಗಳು ಸತ್ತ ಮೇಲೆ ಮಾತ್ರ ನಿಂತಿತು. ಕ್ಸೈಲಂನ ನಾಳಗಳು ಮೊದಲೇ ಸತ್ತ ಕೋಶಗಳ ಟೊಳ್ಳು ಗೋಡೆಗಳು. ಅವು ಕೆಲಸಕ್ಕೆ ಬರುವುದೇ ಸತ್ತ ಮೇಲೆ.

ಇದಕ್ಕೆ ಗಿಡ ತೆರುವ ಬೆಲೆ ದೊಡ್ಡದು. ಇಂಗಾಲದ ಡೈಆಕ್ಸೈಡ್ ಒಳಬರಲೆಂದು ಪತ್ರರಂಧ್ರ ತೆರೆದರೆ ಅದೇ ಬಾಗಿಲಿನಿಂದ ನೀರು ಹೊರಟುಹೋಗುತ್ತದೆ; ಒಳಸೇರಿದ ಒಂದೊಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಪ್ರತಿಯಾಗಿ ಸಾಮಾನ್ಯ ಗಿಡಗಳು ನೂರಾರು ನೀರಿನ ಅಣುಗಳನ್ನು ಕಳೆದುಕೊಳ್ಳುತ್ತವೆ. ಬೇರು ಹೀರಿದ ನೀರಿನಲ್ಲಿ ದೇಹದಲ್ಲಿ ಉಳಿಯುವುದು ಅತ್ಯಲ್ಪ. ಪ್ರಾಣಿಗಳು ಹೀಗೆ ನೀರು ಚೆಲ್ಲಿ ಬದುಕಲಾರವು. ಹೃದಯವೆಂಬ ಸ್ನಾಯುವಿಗೆ ಸದಾ ಆಹಾರ ಉಣಿಸುತ್ತ ಅದೇ ದ್ರವವನ್ನು ಮತ್ತೆ ಮತ್ತೆ ಸುತ್ತಿಸುತ್ತವೆ. ಮರಕ್ಕೆ ಎತ್ತುವ ಕೂಲಿಯನ್ನು ಕೊಡುವವನು ಸೂರ್ಯ.

ಪ್ರಶ್ನೆ: ಇರುವೆಯನ್ನು ಅದೇ ಆಕಾರದಲ್ಲಿ ಆನೆಯಷ್ಟು ದೊಡ್ಡದು ಮಾಡಿದರೆ ಬದುಕೀತೆ? (ಗಣಿತ ವಿದ್ಯಾರ್ಥಿ)

ಬದುಕದು. ಉದ್ದ 10 ಪಟ್ಟಾದರೆ ಮೇಲ್ಮೈ 100 ಪಟ್ಟು, ಗಾತ್ರ 1000 ಪಟ್ಟು. ಕಾಲಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನೂ, ಅದು ಹೊರಬೇಕಾದ ತೂಕ ಗಾತ್ರವನ್ನೂ ಅವಲಂಬಿಸಿರುವುದರಿಂದ ಕಾಲು ಮುರಿಯುತ್ತದೆ ಎಂಬ ವಾದವನ್ನು ಗೆಲಿಲಿಯೊ 1638ರಲ್ಲೇ ಪ್ರಾಣಿಗಳ ಮೂಳೆಗಳಿಗೆ ಅನ್ವಯಿಸಿ ಹೇಳಿದ್ದರು. ಅದಕ್ಕಿಂತ ಹೆಚ್ಚು ಫಲಕೊಡುವ ಲೆಕ್ಕ ಉಸಿರಿನದ್ದು.

ಅಣುಗಳು ತಾವಾಗಿ ಹರಡಿಕೊಳ್ಳುವ ವಿಸರಣೆಯಲ್ಲಿ ಬೇಕಾಗುವ ಕಾಲ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೀರಿನಲ್ಲಿ ಆಮ್ಲಜನಕವು ಒಂದು ಕೋಶದ ಅಗಲವಾದ 10 ಮೈಕ್ರೋಮೀಟರ್ ದಾಟಲು ಸೆಕೆಂಡಿನ ಒಂದು ಸಣ್ಣ ಪಾಲು ಸಾಕು. 1 ಮಿಲಿಮೀಟರಿಗೆ ಸುಮಾರು 4 ನಿಮಿಷ ಬೇಕು. 1 ಮೀಟರಿಗೆ ಸುಮಾರು 8 ವರ್ಷ! ಜೀವಶಾಸ್ತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ವಿಷಯ ತಿಳಿಸುವ ಲೆಕ್ಕ ಇನ್ನೊಂದಿಲ್ಲ. ಒಂದು ಮಿಲಿಮೀಟರಿಗಿಂತ ದಪ್ಪದ, ಚುರುಕಾಗಿ ಓಡಾಡುವ ಪ್ರಾಣಿಗೆ ವಿಸರಣೆಯೊಂದನ್ನೇ ನಂಬಿ ಬದುಕಲಾಗದು. ನಮ್ಮ ಪುಪ್ಪುಸಗಳೊಳಗೆ ಕೋಟಿಗಟ್ಟಲೆ ಗಾಳಿಗೂಡುಗಳಾಗಿ ಮಡಿಚಿಟ್ಟಿರುವ ಸುಮಾರು 70 ಚದರ ಮೀಟರ್ ಮೇಲ್ಮೈ, ಅಲ್ಲಿಂದ ಆಮ್ಲಜನಕವನ್ನು ಪ್ರತಿ ಕೋಶದ ಹತ್ತಿರಕ್ಕೆ ಒಯ್ಯುವ ರಕ್ತ, ಮೀನಿನ ಕಿವಿರು ಇವೆಲ್ಲ ದೂರದ ವರ್ಗದ ಈ ಲೆಕ್ಕಕ್ಕೆ ಸಿಕ್ಕ ಉತ್ತರಗಳು. ಎಲೆ ತೆಳ್ಳಗಿರುವುದೂ ಅದಕ್ಕೇ.

ಇರುವೆಯ ಉಪಾಯ ಬೇರೆ. ಅದರ ರಕ್ತ ಆಮ್ಲಜನಕವನ್ನು ಹೊರುವುದಿಲ್ಲ. ಮೈಯ ಬದಿಯ ರಂಧ್ರಗಳಿಂದ ಕವಲೊಡೆದ ಗಾಳಿಕೊಳವೆಗಳು ನೇರವಾಗಿ ಅಂಗಾಂಶಗಳಿಗೇ ತಲುಪುತ್ತವೆ. ಗಾಳಿಯಲ್ಲಿ ವಿಸರಣೆ ನೀರಿಗಿಂತ ಸುಮಾರು 10,000 ಪಟ್ಟು ವೇಗವಾದ್ದರಿಂದ ಸಣ್ಣ ದೇಹಕ್ಕೆ ಈ ವ್ಯವಸ್ಥೆ ಬಹಳ ಚೆನ್ನಾಗಿಯೇ ಹೊಂದುತ್ತದೆ, ಆನೆಯ ಗಾತ್ರಕ್ಕೆ ಹೊಂದದು.

ಪ್ರಶ್ನೆ: ಗಿಡಗಳಿಗೆ ನೋವಾಗುತ್ತದೆಯೆ? ಅವುಗಳಲ್ಲಿಯೂ ವಿದ್ಯುತ್ ಸಂಕೇತಗಳಿವೆ ಎಂದು ಓದಿದ್ದೇನೆ. (ತತ್ತ್ವಶಾಸ್ತ್ರ ವಿದ್ಯಾರ್ಥಿನಿ)

ಸಂಕೇತಗಳಿರುವುದು ನಿಜ. ಕೀಟಾಹಾರಿಯಾದ ವೀನಸ್ ಫ್ಲೈಟ್ರಾಪಿನ ಎಲೆಯಲ್ಲಿ ವಿದ್ಯುತ್ ಬದಲಾವಣೆಯನ್ನು ಬರ್ಡನ್ ಸ್ಯಾಂಡರ್ಸನ್ 1873ರಲ್ಲಿ ದಾಖಲಿಸಿದರು. ನಾಚಿಕೆಮುಳ್ಳಿನಂಥ ಗಿಡಗಳ ಮೇಲೆ ಜಗದೀಶ್ ಚಂದ್ರ ಬೋಸರು ತಾವೇ ರೂಪಿಸಿದ ಸೂಕ್ಷ್ಮ ಉಪಕರಣಗಳಿಂದ ದೀರ್ಘಕಾಲ ಪ್ರಯೋಗ ನಡೆಸಿದರು. ಫ್ಲೈಟ್ರಾಪಿನ ಎಲೆಯೊಳಗೆ ಕೆಲವೇ ರೋಮಗಳಿವೆ. ಒಮ್ಮೆ ತಾಕಿದರೆ ವಿದ್ಯುತ್ ಅಲೆಯೊಂದು ಹರಿಯುತ್ತದೆ, ಎಲೆ ಅಲ್ಲಾಡುವುದಿಲ್ಲ. ಸುಮಾರು 20 ಸೆಕೆಂಡಿನೊಳಗೆ ಎರಡನೆಯ ಸಲ ತಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕ ಕೀಟ ಒದ್ದಾಡಿ ಇನ್ನೂ ಹಲವು ಸಲ ತಾಕಿದ ಮೇಲಷ್ಟೇ ಜೀರ್ಣರಸದ ಕಿಣ್ವಗಳು ತಯಾರಾಗತೊಡಗುತ್ತವೆ. ಬಿದ್ದ ಮಳೆಹನಿಗೋ ಕಸಕ್ಕೋ ಶ್ರಮ ವ್ಯರ್ಥವಾಗದಂತೆ ಎಣಿಸುವ ಈ ಏರ್ಪಾಟಿನಲ್ಲಿ ಒಂದೂ ನರಕೋಶವಿಲ್ಲ. ಪ್ರತಿ ತಾಕಿಗೆ ಕೋಶಗಳಲ್ಲಿ ಏರುವ ಕ್ಯಾಲ್ಸಿಯಂ ಪ್ರಮಾಣ ನಿಧಾನವಾಗಿ ಇಳಿಯುತ್ತದೆ, ಇಳಿದು ಮುಗಿಯುವ ಮುನ್ನ ಇನ್ನೊಂದು ತಾಕು ಬಂದರೆ ಮಿತಿ ದಾಟುತ್ತದೆ.

ಹುಳು ಎಲೆಯನ್ನು ಕಚ್ಚಿದಾಗಲೂ ಗಾಯದಿಂದ ದೂರದ ಎಲೆಗಳಿಗೆ ಕ್ಯಾಲ್ಸಿಯಂನ ಅಲೆ ಸಾಗಿ, ಅಲ್ಲಿ ರಕ್ಷಣೆಯ ರಾಸಾಯನಿಕಗಳು ಸಿದ್ಧವಾಗುತ್ತವೆ. ಆದರೆ ಹಾನಿಯನ್ನು ಗುರುತಿಸಿ ಪ್ರತಿಕ್ರಿಯಿಸುವುದು ಒಂದು, ಆ ಹಾನಿಯನ್ನು ಅನುಭವಿಸುವುದು ಇನ್ನೊಂದು. ನಮ್ಮ ದೇಹದಲ್ಲಿಯೇ ಬಿಸಿ ಮುಟ್ಟಿದ ಕೈ, ನೋವು ಅರಿವಿಗೆ ಬರುವುದಕ್ಕೆ ಮೊದಲೇ ಬೆನ್ನುಹುರಿಯ ಆಜ್ಞೆಯಿಂದ ಹಿಂದಕ್ಕೆ ಬಂದಿರುತ್ತದೆ. ಪ್ರಾಣಿಗಳಲ್ಲಿ ನೋವಿನ ಅನುಭವ ಮಿದುಳಿನೊಂದಿಗೆ ಕಟ್ಟಿಕೊಂಡಿದೆ. ಅಂಥ ಯಾವ ಕೇಂದ್ರವೂ ಗಿಡದಲ್ಲಿಲ್ಲ. ಓಡಿಹೋಗಲಾಗದ ಜೀವಿಗೆ ನೋವಿನಿಂದ ಏನು ಲಾಭವೆಂದು ಕೇಳಿಕೊಂಡರೂ ಉತ್ತರ ಸಿಗುವುದು ಕಷ್ಟ. ಎಲೆಯ ಕೆಲವು ಪಾಲು ಕಳೆದುಕೊಂಡರೂ ಬೇರೆಡೆ ಚಿಗುರುವ ದೇಹರಚನೆಯೇ ಅದರ ರಕ್ಷಣೆ. ಗಿಡಗಳಿಗೆ ನೋವಿದೆ ಎಂಬ ಮಾತನ್ನು ಈಗಿರುವ ಸಾಕ್ಷ್ಯ ಸಮರ್ಥಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಪಾರಿಭಾಷಿಕ ಪದಗಳ ಹೊರೆಯೇ ಹೆಚ್ಚಾಗಿದೆ. ಕಂಠಪಾಠ ಮಾಡುವುದೊಂದೇ ದಾರಿಯೆ? (ಇತಿಹಾಸ ವಿದ್ಯಾರ್ಥಿ)

ಒಂದಿಷ್ಟು ಕಂಠಪಾಠ ತಪ್ಪದು. ಆದರೆ ಪಠ್ಯಪುಸ್ತಕ ಇಡುವ ಕ್ರಮದಲ್ಲಿ ಓದಬೇಡಿ. ಪ್ರಾಣಿಗಳ ವರ್ಗೀಕರಣದಿಂದ ಆರಂಭಿಸುವ ಪುಸ್ತಕಗಳು ಹೊರಗಿನವರನ್ನು ಮೊದಲ ವಾರದಲ್ಲೇ ಓಡಿಸುತ್ತವೆ. ಹೈಡ್ರಾ, ಮಿಡತೆ, ಮೀನು, ಜರೀಗಿಡ, ಹೂಬಿಡುವ ಗಿಡ, ಇಷ್ಟನ್ನು ಆರಿಸಿಕೊಳ್ಳಿ. ಆಹಾರ ಎಲ್ಲಿಂದ, ಅನಿಲಗಳ ವಿನಿಮಯ ಎಲ್ಲಿ, ನೀರು ಮತ್ತು ಲವಣದ ಹತೋಟಿ ಹೇಗೆ, ಸಂತಾನ ಹೇಗೆ ಎಂಬ ಪ್ರಶ್ನೆಗಳನ್ನು ಪ್ರತಿಯೊಂದಕ್ಕೂ ಹಾಕಿ. ಪುಸ್ತಕದ ಮುಕ್ಕಾಲು ಪಾಲು ಪದಗಳು ಈ ಪ್ರಶ್ನೆಗಳ ಉತ್ತರವಾಗಿಯೇ ಬರುತ್ತವೆ, ಹಾಗೆ ಬಂದ ಪದ ಮರೆಯುವುದಿಲ್ಲ.

ಪ್ರಶ್ನೆ: ಅಣಬೆಯನ್ನು ನಮಗೆ ಸಸ್ಯಶಾಸ್ತ್ರದ ಅಧ್ಯಾಪಕರು ಕಲಿಸುತ್ತಾರೆ. ಅದು ಸಸ್ಯವೆ? (ಪತ್ರಿಕೋದ್ಯಮ ವಿದ್ಯಾರ್ಥಿನಿ)

ಅಲ್ಲ. ನೆಲದಿಂದ ಎದ್ದು ನಿಲ್ಲುತ್ತದೆ, ಕೋಶಭಿತ್ತಿ ಇದೆ ಎಂಬ ಕಾರಣಗಳಿಂದ ಶಿಲೀಂಧ್ರಗಳನ್ನು ಸಸ್ಯಗಳ ಜೊತೆ ಸೇರಿಸುತ್ತಿದ್ದರು. ಕಲಿಸುವ ಹಂಚಿಕೆ ಮಾತ್ರ ಹಳೆಯ ರೂಢಿಯಂತೆ ಹಾಗೆಯೇ ಉಳಿದಿದೆ. 1969ರಲ್ಲಿ ರಾಬರ್ಟ್ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣದಲ್ಲಿ ಅವುಗಳಿಗೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಅವರು ಒತ್ತುಕೊಟ್ಟದ್ದೂ ಉಣ್ಣುವ ಬಗೆಗೇ: ಶಿಲೀಂಧ್ರವು ಬೆಳಕಿನಿಂದ ಆಹಾರ ತಯಾರಿಸುವುದಿಲ್ಲ, ಪ್ರಾಣಿಯಂತೆ ನುಂಗುವುದೂ ಇಲ್ಲ, ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಮೈಯ ಹೊರಗೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಅದರ ಕೋಶಭಿತ್ತಿಯಲ್ಲಿರುವುದು ಸೆಲ್ಯುಲೋಸ್ ಅಲ್ಲ, ಕೀಟಗಳ ಹೊರಕವಚದಲ್ಲಿರುವ ಕೈಟಿನ್. ಕೂಡಿಡುವುದು ಪಿಷ್ಟವನ್ನಲ್ಲ, ನಮ್ಮ ಯಕೃತ್ತಿನಂತೆ ಗ್ಲೈಕೊಜನ್ ಅನ್ನು. ಡಿ.ಎನ್.ಎ. ಅನುಕ್ರಮಗಳನ್ನು ಹೋಲಿಸಿದ ಮೇಲೆ, ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳೆಂಬುದರಲ್ಲಿ ಅನುಮಾನ ಉಳಿದಿಲ್ಲ. ಕಣ್ಣಿಗೆ ಕಾಣುವ ಅಣಬೆ ಬೀಜಾಣುಗಳನ್ನು ಚೆಲ್ಲಲು ಎದ್ದ ಭಾಗವಷ್ಟೇ. ಉಣ್ಣುವ ದೇಹ ಮಣ್ಣಿನಲ್ಲೋ ಕೊಳೆತ ಮರದಲ್ಲೋ ನೂಲಿಗಿಂತ ಸಪುರವಾದ ಎಳೆಗಳಾಗಿ ಹರಡಿಕೊಂಡಿರುತ್ತದೆ, ಆದ್ದರಿಂದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಚಿತ್ರ ಬರೆಯುವಾಗ ಆ ಎಳೆಗಳನ್ನು ಬಿಟ್ಟರೆ ಅಂಕ ಹೋಗುವುದು ನ್ಯಾಯವೇ.